ಕಾರ್ಖಾನೆಯ ಊರಿನ ಸಂಗೀತ

ನಮ್ಮ ಚಿತ್ತಾಪುರದ ಕಡೆಯ ಮನೆಗಳಲ್ಲಿ ಒಂದು ಸಣ್ಣ ಜಗಳ ಆಗಾಗ ನಡೆಯುತ್ತದೆ. ಪಡಸಾಲೆಯಲ್ಲಿ ಮುತ್ಯಾ ರೇಡಿಯೋದ ಮುಂದೆ ಕುಳಿತು ವಚನಗಾಯನ ಕೇಳುತ್ತಿರುತ್ತಾರೆ. ಒಳಕೋಣೆಯಲ್ಲಿ ಕಾಲೇಜಿಗೆ ಹೋಗುವ ಮೊಮ್ಮಗ ಬಾಗಿಲು ಮುಚ್ಚಿಕೊಂಡು ಬೇರೇನನ್ನೋ ಕೇಳುತ್ತಿರುತ್ತಾನೆ. ಯಾರಾದರೂ ಆ ಬಾಗಿಲು ತೆರೆದರೆ ಮನೆಯೆಲ್ಲ ಗುಡುಗಿದಂತಾಗುತ್ತದೆ. “ತಮ್ಮಾ, ಇದೇನ್ ಹಾಡೋ, ಕಲ್ಲ ಒಡಿಯೋ ಮಷೀನೋ?” ಎಂದು ಮುತ್ಯಾ ಕೇಳುತ್ತಾರೆ. ಹುಡುಗ ನಕ್ಕು ಮತ್ತೆ ಬಾಗಿಲು ಹಾಕಿಕೊಳ್ಳುತ್ತಾನೆ.

ಮುತ್ಯಾ ಕೇಳಿದ್ದು ಬೇಸರದಿಂದ. ಆದರೆ ಅವರ ಮಾತಿನಲ್ಲಿ ಅವರಿಗೇ ತಿಳಿಯದ ಒಂದು ಸತ್ಯವಿದೆ. ಹುಡುಗ ಕೇಳುತ್ತಿರುವ ಸಂಗೀತಕ್ಕೆ ಹೆವಿ ಮೆಟಲ್ ಎಂದು ಹೆಸರು. ಭಾರವಾದ ಲೋಹ ಎಂದರ್ಥ. ಅದು ನಿಜವಾಗಿಯೂ ಯಂತ್ರಗಳ ಮಗ್ಗುಲಲ್ಲಿ ಹುಟ್ಟಿದ ಸಂಗೀತ. ಅದರ ಮೊದಲ ಧ್ವನಿಮುದ್ರಿಕೆಗಳು ಹೇಗೆ ತಯಾರಾದವು ಎಂಬ ಕತೆಯನ್ನು ಶಹಾಬಾದ, ವಾಡಿ, ಸೇಡಂಗಳಲ್ಲಿ ಕಲ್ಲು, ಸಿಮೆಂಟುಗಳ ನಡುವೆ ಬಾಳುವ ನಾವು ಒಮ್ಮೆ ಕೇಳಬೇಕು. ಈ ಸಂಗೀತವನ್ನು ಮೆಚ್ಚಲೇಬೇಕೆಂದು ನಾನು ಹೇಳುವುದಿಲ್ಲ. ಅದು ಎಲ್ಲಿಂದ ಬಂತೆಂದು ತಿಳಿದರೆ ಸಾಕು.

ಇಂಗ್ಲೆಂಡಿನ ನಡುಭಾಗದಲ್ಲಿ ಬರ್ಮಿಂಗ್‌ಹ್ಯಾಮ್ ಎಂಬ ದೊಡ್ಡ ಕೈಗಾರಿಕಾ ನಗರವಿದೆ. ಅಲ್ಲಿನ ಆಸ್ಟನ್ ಎಂಬ ಬಡಾವಣೆ ಕೂಲಿಕಾರರ ವಸತಿ. 1948ರಲ್ಲಿ ಹುಟ್ಟಿ ಅಲ್ಲಿ ಬೆಳೆದ ಟೋನಿ ಐಯೋಮಿ ಎಂಬ ಹುಡುಗ ತಗಡಿನ ಕಾರ್ಖಾನೆಯೊಂದರಲ್ಲಿ ಬೆಸುಗೆಯ ಕೆಲಸ ಮಾಡುತ್ತಿದ್ದ. ಬಿಡುವಿನಲ್ಲಿ ಗಿಟಾರು ನುಡಿಸುತ್ತಿದ್ದ. ಅವನಿಗೆ ಹದಿನೇಳು ವರ್ಷವಾದಾಗ, ಅಂದರೆ 1965ರಲ್ಲಿ, ಒಂದು ವಾದ್ಯವೃಂದದೊಡನೆ ಹೊರದೇಶಕ್ಕೆ ಹೋಗುವ ಅವಕಾಶ ಬಂತು. ಕೆಲಸ ಬಿಟ್ಟ. ಕಾರ್ಖಾನೆಯಲ್ಲಿ ಕೊನೆಯ ದಿನ ಮಧ್ಯಾಹ್ನ ಊಟಕ್ಕೆ ಮನೆಗೆ ಬಂದವನು ಮತ್ತೆ ಹೋಗಲೊಲ್ಲೆನೆಂದ. ಹಿಡಿದ ಕೆಲಸವನ್ನು ಪೂರೈಸಿ ಬಾ ಎಂದು ತಾಯಿ ಕಳಿಸಿದಳು. ಯಾವ ತಾಯಿಯೂ ಹೇಳುವ ಮಾತೇ ಅದು. ಆ ದಿನ ತಗಡು ಒತ್ತುವ ಯಂತ್ರದ ಕೆಲಸದವರು ಬಂದಿರಲಿಲ್ಲ. ಇವನನ್ನು ಅಲ್ಲಿ ನಿಲ್ಲಿಸಿದರು. ರೂಢಿಯಿಲ್ಲದ ಕೈ. ಯಂತ್ರ ಬಲಗೈಯ ಮೇಲೆ ಇಳಿಯಿತು. ಗಾಬರಿಯಿಂದ ಕೈ ಎಳೆದುಕೊಂಡಾಗ ನಡುಬೆರಳು, ಉಂಗುರಬೆರಳುಗಳ ತುದಿಗಳು ಹೋಗಿದ್ದವು.

ಅವನು ಎಡಗೈಯವನು. ಎಡಗೈಯಿಂದ ತಂತಿ ಮೀಟಿ ಬಲಗೈಯ ಬೆರಳುಗಳಿಂದ ತಂತಿಯನ್ನು ಒತ್ತಿ ಸ್ವರ ಹಿಡಿಯುವವನು. ಹೋದದ್ದು ಆ ಸ್ವರ ಹಿಡಿಯುವ ಬೆರಳುಗಳೇ. ಇನ್ನು ಗಿಟಾರು ನಿನ್ನ ಪಾಲಿಗೆ ಮುಗಿಯಿತು ಎಂದರು ವೈದ್ಯರು.

ಹುಡುಗ ಮನೆಯಲ್ಲಿ ಮಂಕಾಗಿ ಕುಳಿತಿದ್ದಾಗ ಕಾರ್ಖಾನೆಯ ಮೇಸ್ತ್ರಿ ಒಂದು ಗ್ರಾಮೊಫೋನ್ ತಟ್ಟೆ ಹಿಡಿದುಕೊಂಡು ನೋಡಲು ಬಂದ. ಕೇಳಲು ಮನಸ್ಸಿಲ್ಲ ಎಂದರೂ ಬಿಡದೆ ಹಾಕಿಸಿದ. ಚೆನ್ನಾಗಿದೆ ಎಂದು ಹುಡುಗ ಒಪ್ಪಿದ ಮೇಲೆ, ಅದನ್ನು ನುಡಿಸಿದಾತನಿಗೆ ಎರಡು ಬೆರಳು ಕೆಲಸ ಮಾಡುವುದಿಲ್ಲ ಎಂದು ತಿಳಿಸಿದ. ಆತ ಜಾಂಗೋ ರೈನ್‌ಹಾರ್ಟ್. ಬಂಡಿಯ ಮನೆಗಳಲ್ಲಿ ಊರೂರು ಅಲೆಯುವ ಜನಾಂಗದವನು. 1928ರಲ್ಲಿ ಅವನ ಬಂಡಿಗೆ ಬೆಂಕಿ ಬಿದ್ದು ಎಡಗೈಯ ಎರಡು ಬೆರಳು ಸುಟ್ಟು ಸೆಟೆದುಹೋದವು. ಉಳಿದ ಎರಡೇ ಬೆರಳುಗಳಿಗೆ ಹೊಸ ಓಟ ಕಲಿಸಿ, 1930ರ ದಶಕದಲ್ಲಿ ಪ್ಯಾರಿಸಿನಲ್ಲಿ ಯೂರೋಪೆಲ್ಲ ಬೆರಗಾಗುವಂತೆ ನುಡಿಸಿದ.

ಆ ತಟ್ಟೆ ಕೇಳಿದ ಮೇಲೆ ಐಯೋಮಿ ಕೈಗೆ ಕೆಲಸ ಕೊಟ್ಟ. ಪಾತ್ರೆ ತೊಳೆಯುವ ಸಾಬೂನು ದ್ರವದ ಪ್ಲಾಸ್ಟಿಕ್ ಸೀಸೆಯನ್ನು ಕರಗಿಸಿ ಉಂಡೆ ಮಾಡಿದ. ಕಾಯಿಸಿದ ಬೆಸುಗೆ ಕಡ್ಡಿಯಿಂದ ಅದರಲ್ಲಿ ಗುಳಿ ಮಾಡಿ ಬೆರಳಿಗೆ ತೊಡಿಸುವ ಟೊಪ್ಪಿಗೆಗಳನ್ನು ಮಾಡಿಕೊಂಡ. ತಂತಿಯ ಮೇಲೆ ಜಾರದಿರಲೆಂದು ಹಳೆಯ ಕೋಟಿನ ಚರ್ಮ ಕತ್ತರಿಸಿ ತುದಿಗೆ ಅಂಟಿಸಿದ. ಆದರೂ ನೋವು. ಗಿಟಾರಿನ ದಪ್ಪ ತಂತಿ ಒತ್ತಲು ಆಗದು. ಆಗ ತೆಳು ತಂತಿಗಳು ಸುಲಭವಾಗಿ ಸಿಗುತ್ತಿರಲಿಲ್ಲವಾದ್ದರಿಂದ ಬ್ಯಾಂಜೋ ವಾದ್ಯದ ತಂತಿಗಳನ್ನು ತಂದು ಕಟ್ಟಿದ. ಮುಂದೆ ತಂತಿಗಳ ಬಿಗಿಯನ್ನೇ ಸಡಿಲಿಸಿದ.

ತಂಬೂರಿ ಶ್ರುತಿ ಮಾಡಿದವರಿಗೆ ಇದರ ಪರಿಣಾಮ ಗೊತ್ತು. ಬಿರಟೆ ತಿರುವಿ ತಂತಿ ಸಡಿಲಿಸಿದರೆ ನಾದ ಖರ್ಜಕ್ಕೆ ಇಳಿಯುತ್ತದೆ, ತಂತಿಯ ಕಂಪನ ಅಗಲವಾಗುತ್ತದೆ. 1971ರಲ್ಲಿ ಹೊರಬಂದ ‘ಮಾಸ್ಟರ್ ಆಫ್ ರಿಯಾಲಿಟಿ’ ಎಂಬ ಮೂರನೆಯ ಧ್ವನಿಮುದ್ರಿಕೆಯ ಹಲವು ಹಾಡುಗಳಲ್ಲಿ ಅವರ ಶ್ರುತಿ, ಹಾರ್ಮೋನಿಯಂ ಮೇಲೆ ಬಿಳಿ ಕರಿ ಪಟ್ಟಿಗಳನ್ನು ಕೂಡಿಯೇ ಎಣಿಸಿದರೆ, ಮೂರು ಪಟ್ಟಿ ಕೆಳಗಿತ್ತು. ಆ ಭಾರವಾದ ನಾದವನ್ನು ಆಮೇಲೆ ಬಂದ ಎಷ್ಟೋ ವೃಂದಗಳು ಅನುಸರಿಸಿದವು. ಅದರ ಹಿಂದೆ ಇದ್ದದ್ದು ನೋಯುವ ಬೆರಳು.

ಈಗ ಅವರ ಮೊದಲ ಧ್ವನಿಮುದ್ರಿಕೆಯ ಕತೆಗೆ ಬರೋಣ. ಐಯೋಮಿ, ಹಾಡುಗಾರ ಆಜಿ ಆಸ್ಬೋರ್ನ್, ಮಂದ್ರದ ಗಿಟಾರಿನ ಗೀಜರ್ ಬಟ್ಲರ್, ತಾಳವಾದ್ಯದ ಬಿಲ್ ವಾರ್ಡ್ — ಆಸ್ಟನ್ನಿನ ಈ ನಾಲ್ವರು ಬ್ಲ್ಯಾಕ್ ಸಬತ್ ಎಂಬ ವೃಂದ ಕಟ್ಟಿದರು. ಆಸ್ಬೋರ್ನ್ ಕಸಾಯಿಖಾನೆಯಲ್ಲಿ ದುಡಿದು ಬಂದವರು. 1969ರ ಅಕ್ಟೋಬರ್ 16ರಂದು ಲಂಡನ್ನಿನ ರೀಜೆಂಟ್ ಸೌಂಡ್ ಎಂಬ ಸಣ್ಣ ಮುದ್ರಣಾಲಯದಲ್ಲಿ ಅವರಿಗೆ ದೊರೆತದ್ದು ಒಂದೇ ದಿನ. ನಾಲ್ಕು ಪಥಗಳ ಟೇಪು ಯಂತ್ರ. ತಿದ್ದಿ ತೀಡಲು ಸಮಯವಿಲ್ಲ. ರಂಗದ ಮೇಲೆ ನುಡಿಸುವಂತೆಯೇ ಒಟ್ಟಿಗೆ ನಿಂತು ನುಡಿಸಿದರು. ನಡುವೆ ಐಯೋಮಿಯವರ ಗಿಟಾರು ಕೈಕೊಟ್ಟಿತು. ಜೊತೆಗೆ ತಂದಿದ್ದ ಇನ್ನೊಂದು ಗಿಟಾರು ಹಿಡಿದು ಕೆಲಸ ಮುಗಿಸಿದರು. ಮಳೆ, ಗುಡುಗು, ದೇವಾಲಯದ ಗಂಟೆಗಳ ಸಪ್ಪಳವನ್ನು ಬಳಿಕ ಸೇರಿಸಿದರು. 1970ರ ಫೆಬ್ರವರಿ 13ರಂದು ಅದು ಮಾರಾಟಕ್ಕೆ ಬಂತು. ವಿಮರ್ಶಕರು ಹಳಿದರು, ಜನ ಕೊಂಡರು.

ಒಂದೇ ದಿನದಲ್ಲಿ ಮಾಡಿದ್ದು ಗಟ್ಟಿಯಾದೀತೆ ಎಂದು ಕೇಳಬಹುದು. ನಮ್ಮ ಹಿರಿಯ ಕೇಳುಗರು ಕರಿಯ ಲಾಕಿನ ತಟ್ಟೆಗಳನ್ನು ಮರೆತಿರಲಾರರು. ಒಂದು ಮಗ್ಗುಲಿಗೆ ಮೂರು ನಿಮಿಷ, ಹೆಚ್ಚೆಂದರೆ ನಾಲ್ಕು. ರಾತ್ರಿಯೆಲ್ಲ ರಾಗ ಹಿಗ್ಗಿಸಬಲ್ಲ ಗಾಯಕರು ಅಷ್ಟರಲ್ಲೇ ರಾಗದ ಜೀವ ತೋರಿಸಬೇಕಾಗಿತ್ತು. 1902ರಲ್ಲಿ ಕಲಕತ್ತೆಯಲ್ಲಿ ಗೌಹರ್ ಜಾನ್ ಹಾಡಿದ್ದು ಹಾಗೆ. ಆಕೆ ಕೊನೆಗಾಲದಲ್ಲಿ ಮೈಸೂರು ಅರಮನೆಯ ಆಶ್ರಯದಲ್ಲಿದ್ದು 1930ರಲ್ಲಿ ಅಲ್ಲಿಯೇ ತೀರಿಕೊಂಡರು. ಸಮಯದ ಕಟ್ಟು ಕಲೆಗೆ ಯಾವಾಗಲೂ ಕೇಡಲ್ಲ. ಬಂದವರಿಗೆ ವಿದ್ಯೆ ಕೈವಶವಾಗಿರಬೇಕು, ಅಷ್ಟೆ.

ಆ ಧ್ವನಿಮುದ್ರಿಕೆಯ ಮೊದಲ ಹಾಡಿಗೆ ವೃಂದದ ಹೆಸರೇ ಹೆಸರು. ಅದರ ಮುಖ್ಯ ಗತ್ತು ಮೂರು ಸ್ವರಗಳದು. ಕೆಳಗಿನ ಷಡ್ಜ, ತಾರ ಷಡ್ಜ, ಬಳಿಕ ನಡುವಿನ ತೀವ್ರ ಮಧ್ಯಮ. ತೀವ್ರ ಮಧ್ಯಮ ನಮಗೆ ಹೊಸದಲ್ಲ. ಯಮನ್ ರಾಗದಲ್ಲಿ ಅದು ಪಂಚಮದ ಕಡೆಗೆ ವಾಲುತ್ತದೆ, ಮನಸ್ಸಿಗೆ ಸಂಜೆಯ ತಂಪು ಕೊಡುತ್ತದೆ. ಇಲ್ಲಿ ಅದು ಪಂಚಮಕ್ಕೆ ಹೋಗದೆ ಅಲ್ಲೇ ನಡುಗುತ್ತ ನಿಲ್ಲುತ್ತದೆ. ಮನೆಗೆ ಬರಬೇಕಾದವರು ಬಾರದಿದ್ದಾಗ ಬಾಗಿಲ ಕಡೆ ನೋಡುತ್ತ ಕುಳಿತ ಹಾಗೆ. ಆ ಹಾಡಿನ ಭಯವೆಲ್ಲ ಆ ಒಂದು ಸ್ವರದ ನಿಲುಗಡೆಯಲ್ಲಿದೆ.

ಹತ್ತು ವರ್ಷಗಳ ಬಳಿಕ ತಯಾರಾದ ಇನ್ನೊಂದು ಧ್ವನಿಮುದ್ರಿಕೆಯ ಮಾತು ಹೇಳುತ್ತೇನೆ. ಅದೇ ಸೀಮೆಯ ಜೂಡಾಸ್ ಪ್ರೀಸ್ಟ್ ಎಂಬ ವೃಂದದ್ದು. ಅದರ ಹಾಡುಗಾರ ರಾಬ್ ಹಾಲ್‌ಫರ್ಡ್ ಬೆಳೆದದ್ದು ಲೋಹ ಕರಗಿಸುವ ಕುಲುಮೆಗಳಿದ್ದ ವಾಲ್ಸಾಲ್ ಪಟ್ಟಣದಲ್ಲಿ. 1980ರ ಜನವರಿಯಲ್ಲಿ ಇಂಗ್ಲೆಂಡಿನ ಸರಕಾರಿ ಉಕ್ಕು ಸಂಸ್ಥೆಯ ಕೆಲಸಗಾರರು ಮುಷ್ಕರ ಹೂಡಿದರು. ಅದು ಏಪ್ರಿಲ್ ಆರಂಭದವರೆಗೆ, ಮೂರು ತಿಂಗಳು ನಡೆಯಿತು. ಆ ಏಪ್ರಿಲ್ ತಿಂಗಳಲ್ಲೇ ಹೊರಬಂದ ಈ ಧ್ವನಿಮುದ್ರಿಕೆಯ ಹೆಸರು ‘ಬ್ರಿಟಿಷ್ ಸ್ಟೀಲ್’, ಬ್ರಿಟನ್ನಿನ ಉಕ್ಕು. ಅದರ ಮುದ್ರಣವನ್ನು ನಿರ್ದೇಶಿಸಿದವರು ಟಾಮ್ ಆಲಮ್. 1969ರ ಆ ಒಂದು ದಿನದ ಮುದ್ರಣದಲ್ಲಿ ಯಂತ್ರದ ಮುಂದೆ ಕುಳಿತಿದ್ದ ಎಂಜಿನಿಯರರೂ ಇವರೇ.

ಯಾವ ಸಪ್ಪಳ ಬೇಕಾದರೂ ಗುಂಡಿ ಒತ್ತಿ ಪಡೆಯುವ ಅನುಕೂಲ ಅವರಿಗಿರಲಿಲ್ಲ. ಲೋಹದ ಕಾಲುಗಳ ಸೈನ್ಯ ನಡೆದು ಬರುವ ಸದ್ದು ಬೇಕಾದಾಗ ಅಡಿಗೆಮನೆಯಿಂದ ಚಮಚ, ಚಾಕುಗಳ ತಟ್ಟೆ ತಂದು ಧ್ವನಿಗ್ರಾಹಕದ ಮುಂದೆ ಕುಲುಕಿದರು. ಕೆಲಸವಿಲ್ಲದ ತರುಣನ ಸಿಟ್ಟನ್ನು ಹೇಳುವ ಹಾಡಿನಲ್ಲಿ ಗಾಜು ಒಡೆಯುವ ಸದ್ದಿಗಾಗಿ ಹಾಲಿನ ಸೀಸೆಗಳನ್ನು ಒಡೆದರು. ನಮ್ಮ ತಾಯಂದಿರು ಮನೆಯಲ್ಲಿ ಇಂಥ ಸಂಗೀತವನ್ನು ದಿನವೂ ಕೇಳುತ್ತಾರೆ. ಅದಕ್ಕೆ ತಟ್ಟೆಯ ಬೆಲೆ ಬಂದದ್ದು ಮಾತ್ರ ಅಲ್ಲಿ!

ಈ ನಾದ ನಮ್ಮ ನಾಡಿಗೂ ಬಂತು. ಬೆಂಗಳೂರಿನಲ್ಲಿ 1998ರಲ್ಲಿ ಕಟ್ಟಿದ ಕ್ರಿಪ್ಟೋಸ್ ಎಂಬ ವೃಂದ 2004ರಲ್ಲಿ ತನ್ನ ಮೊದಲ ಧ್ವನಿಮುದ್ರಿಕೆಯನ್ನು ತಂದಿತು. 2013ರಲ್ಲಿ ಜರ್ಮನಿಯ ವಾಕೆನ್ ಎಂಬ ಹಳ್ಳಿಯಲ್ಲಿ ನಡೆಯುವ ಈ ಸಂಗೀತದ ದೊಡ್ಡ ಜಾತ್ರೆಯಲ್ಲಿ ನುಡಿಸಿತು. 2007ರ ಮಾರ್ಚ್ 17ರಂದು ಇಂಗ್ಲೆಂಡಿನ ಐರನ್ ಮೇಡನ್, 2011ರ ಅಕ್ಟೋಬರ್ 30ರಂದು ಅಮೆರಿಕದ ಮೆಟಾಲಿಕಾ ಬೆಂಗಳೂರಿನ ಅರಮನೆ ಮೈದಾನದಲ್ಲಿ ನುಡಿಸಿದಾಗ ಸಾವಿರಾರು ತರುಣರು ಸೇರಿದರು.

ಈ ಸಂಗೀತಗಾರರ ಬದುಕೆಲ್ಲ ಆದರ್ಶವೆಂದು ಹೇಳಲಾರೆ. ಕುಡಿತ, ಮಾದಕ ದ್ರವ್ಯಗಳು ಹಲವರನ್ನು ಹಣ್ಣು ಮಾಡಿದವು. ಆಸ್ಬೋರ್ನ್ ಅವರೂ ಅದನ್ನು ಮುಚ್ಚಿಡಲಿಲ್ಲ. 2025ರ ಜುಲೈ 5ರಂದು ಆ ನಾಲ್ವರೂ ಬೆಳೆದ ಆಸ್ಟನ್ನಿನಲ್ಲೇ ಕೊನೆಯ ಬಾರಿ ಒಟ್ಟಿಗೆ ನುಡಿಸಿದರು. ನಿಲ್ಲಲಾರದ ಆಸ್ಬೋರ್ನ್ ಕುರ್ಚಿಯಲ್ಲಿ ಕುಳಿತು ಹಾಡಿದರು. ಹದಿನೇಳು ದಿನಗಳ ಮೇಲೆ, ಜುಲೈ 22ರಂದು ತೀರಿಕೊಂಡರು.

ಇನ್ನೊಂದು ಮಾತು ಹೇಳದೆ ಮುಗಿಸಿದರೆ ತಪ್ಪಾದೀತು. ಬೆರಳು ಹೋದದ್ದರಿಂದ ದೊಡ್ಡ ಸಂಗೀತ ಹುಟ್ಟಿತು, ಆದದ್ದೆಲ್ಲ ಒಳಿತೇ ಆಯಿತು ಎಂದು ದೂರದಲ್ಲಿ ಕುಳಿತವರು ಸುಲಭವಾಗಿ ಹೇಳಬಹುದು. ನಮ್ಮ ಊರುಗಳಲ್ಲಿ ಹಾಗೆ ಹೇಳಲು ಬಾಯಿ ಬರುವುದಿಲ್ಲ. ಕಲ್ಲುಗಣಿಯಲ್ಲಿ, ಕಲ್ಲು ಕೊಯ್ಯುವ ಯಂತ್ರದ ಮುಂದೆ ದುಡಿಯುವವರ ಕೈಗಳನ್ನು ನಾವು ನೋಡುತ್ತೇವೆ. ಯಂತ್ರಕ್ಕೆ ಬೆರಳು ಕೊಟ್ಟವರಲ್ಲಿ ಐಯೋಮಿಗಳಾಗುವವರು ಎಷ್ಟು ಮಂದಿ? ಉಳಿದವರಿಗೆ ಹೋದದ್ದು ಹೋದದ್ದೇ. ಆ ದಿನ ಆ ಕಾರ್ಖಾನೆಯ ಯಂತ್ರಕ್ಕೆ ತಡೆಯೊಂದಿದ್ದರೆ, ಕೆಲಸ ಬಲ್ಲವರನ್ನೇ ಅದರ ಮುಂದೆ ನಿಲ್ಲಿಸಿದ್ದರೆ, ಸಂಗೀತಕ್ಕೆ ಏನಾಗುತ್ತಿತ್ತೋ ತಿಳಿಯದು. ಹುಡುಗನ ಬೆರಳಂತೂ ಉಳಿಯುತ್ತಿತ್ತು. ಅದೇ ಮೊದಲು ಬೇಕಾದದ್ದು.

ಈ ಕತೆಯಲ್ಲಿ ನನಗೆ ಹೆಚ್ಚು ನೆನಪಾಗುವವನು ತಟ್ಟೆ ಹಿಡಿದುಕೊಂಡು ಬಂದ ಆ ಮೇಸ್ತ್ರಿ. ನೊಂದ ಹುಡುಗನ ಬಳಿ ಕುಳಿತು, ಬೇಡವೆಂದರೂ ಒಂದು ಹಾಡು ಕೇಳಿಸಿದ. ಅದಕ್ಕಿಂತ ಹೆಚ್ಚೇನನ್ನೂ ಮಾಡಲಿಲ್ಲ.

ಮುತ್ಯಾ ಒಂದು ಸಂಜೆ ಆ ಒಳಕೋಣೆಗೆ ಹೋಗಿ ಕೂಡಬಹುದು. ಸದ್ದು ಸ್ವಲ್ಪ ತಗ್ಗಿಸು ತಮ್ಮಾ ಎನ್ನಬಹುದು; ಕಿವಿಯ ಆರೋಗ್ಯಕ್ಕೂ ಅದು ಒಳ್ಳೆಯದು. ಮಳೆಯ ಸದ್ದಿನಿಂದ ಶುರುವಾಗುವ ಆ ಮೊದಲ ಹಾಡನ್ನು ಕೇಳಿ, ಷಡ್ಜ ಯಾವುದು, ತೀವ್ರ ಮಧ್ಯಮ ಯಾವುದು ಎಂದು ಮೊಮ್ಮಗನಿಗೆ ತೋರಿಸಬಹುದು. ಮರುದಿನ ಹುಡುಗನೂ ಪಡಸಾಲೆಗೆ ಬಂದು ಮುತ್ಯಾನ ಜೊತೆ ಒಂದು ಯಮನ್ ಕೇಳಿದರೆ ಲೆಕ್ಕ ಸಮವಾದೀತು.