ಹೂಜಿ, ಹಂದಿ ಮತ್ತು ನೆರೆಹೊರೆಯ ಜಿದ್ದು

ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿ ದುಡಿದು ನಿವೃತ್ತನಾದವನು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ. ಓದು ಮ್ಯಾಟ್ರಿಕ್‌ಗೇ ನಿಂತಿತು, ಕಾಲೇಜಿನ ಮೆಟ್ಟಿಲು ಹತ್ತಲಿಲ್ಲ. ಅಂಥವನು ಇಂದು ಅಮೆರಿಕದ ಕಾಲೇಜುಗಳ ಫುಟ್‌ಬಾಲ್ ಬಗ್ಗೆ ಮಾತನಾಡಲು ಕುಳಿತಿದ್ದಾನೆಂದರೆ ನಿಮಗೆ ನಗು ಬಂದೀತು. ನಗಿರಿ, ಆದರೆ ಕೊನೆಯತನಕ ಕೇಳಿರಿ. ಇದರಲ್ಲಿ ನಮ್ಮ ಗಡಿಯ ಊರುಗಳಿಗೆ ಬೇಕಾದ ಒಂದು ಮಾತಿದೆ.

ನನ್ನ ಮಗಳು, ಅಳಿಯ ಮಿನ್ನೆಸೋಟ ರಾಜ್ಯದ ಮಿನಿಯಾಪೊಲಿಸ್ ನಗರದಲ್ಲಿದ್ದಾರೆ. ಅಲ್ಲಿ ಮೂರು ತಿಂಗಳು ಇದ್ದು ಬಂದೆ. ಒಂದು ಶನಿವಾರ ಅಳಿಯ ನನ್ನನ್ನು ವಿಶ್ವವಿದ್ಯಾಲಯದ ಮೈದಾನಕ್ಕೆ ಕರೆದುಕೊಂಡು ಹೋದ. ಸುಮಾರು ಐವತ್ತು ಸಾವಿರ ಜನ ಕೂಡುವ ಆ ಮೈದಾನಕ್ಕೆ ಒಂದು ಬ್ಯಾಂಕಿನ ಹೆಸರು! "ಇಲ್ಲಿಯೂ ಬ್ಯಾಂಕು ನನ್ನನ್ನು ಬಿಡಲಿಲ್ಲವಲ್ಲಪ್ಪ" ಎಂದು ನಕ್ಕೆ.

ಅವರ ಫುಟ್‌ಬಾಲ್ ನಮ್ಮ ಕಾಲ್ಚೆಂಡಲ್ಲ. ಚೆಂಡು ಉದ್ದುದ್ದ, ಎರಡೂ ತುದಿ ಚೂಪು. ಹೆಚ್ಚಿನ ಹೊತ್ತು ಅದನ್ನು ಕೈಯಲ್ಲಿ ಹಿಡಿದು ಓಡುತ್ತಾರೆ, ಇಲ್ಲವೆ ಎಸೆಯುತ್ತಾರೆ. ಪಕ್ಷಕ್ಕೆ ಹನ್ನೊಂದು ಜನ. ನಾಲ್ಕು ಅವಕಾಶಗಳಲ್ಲಿ ಚೆಂಡನ್ನು ಹತ್ತು ಗಜ ಮುಂದಕ್ಕೆ ಒಯ್ಯಬೇಕು, ಆಗದಿದ್ದರೆ ಚೆಂಡು ಎದುರಾಳಿಗೆ. ಎದುರಾಳಿಯು ಮೈಮೇಲೆ ಬಿದ್ದು ಕೆಡವುತ್ತಾನೆ. ಅರ್ಧ ಕಬಡ್ಡಿ, ಅರ್ಧ ಕುಸ್ತಿ ಎಂದರೆ ನಿಮಗೆ ಬೇಗ ತಿಳಿದೀತು.

ಅಲ್ಲಿನ ವಿಶ್ವವಿದ್ಯಾಲಯಗಳು ಕೂಟ ಕಟ್ಟಿಕೊಂಡು ತಮ್ಮತಮ್ಮೊಳಗೆ ಆಡುತ್ತವೆ. ಕೂಟಕ್ಕೆ ಕಾನ್ಫರೆನ್ಸ್ ಎನ್ನುತ್ತಾರೆ. ದೊಡ್ಡ ಕೂಟಗಳಲ್ಲಿ ಬಹು ಹಳೆಯದು 'ಬಿಗ್ ಟೆನ್', ಅಂದರೆ ದೊಡ್ಡ ಹತ್ತು. ಅದು ಹುಟ್ಟಿದ್ದು ಆಟದ ಹುರುಪಿನಿಂದಲ್ಲ, ಆಟ ಕೆಡುತ್ತಿದೆಯೆಂಬ ಚಿಂತೆಯಿಂದ. ವಿದ್ಯಾರ್ಥಿಯೇ ಅಲ್ಲದವರನ್ನು ದುಡ್ಡು ಕೊಟ್ಟು ಕರೆತಂದು ಕಾಲೇಜಿನ ಹೆಸರಿನಲ್ಲಿ ಆಡಿಸುವ ಕಾಲವದು. 1895ರಲ್ಲಿ ಪರ್ಡ್ಯೂ ವಿಶ್ವವಿದ್ಯಾಲಯದ ಅಧ್ಯಕ್ಷ ಜೇಮ್ಸ್ ಸ್ಮಾರ್ಟ್ ಸುತ್ತಲಿನ ವಿದ್ಯಾಲಯಗಳ ಮುಖ್ಯಸ್ಥರನ್ನು ಶಿಕಾಗೋ ನಗರಕ್ಕೆ ಕರೆದರು. ಮರುವರ್ಷ, 1896ರ ಫೆಬ್ರವರಿಯಲ್ಲಿ, ಕೂಟ ಸ್ಥಾಪನೆಯಾಯಿತು. ಶಿಕಾಗೋ, ಇಲಿನಾಯ್, ಮಿಷಿಗನ್, ಮಿನ್ನೆಸೋಟ, ನಾರ್ತ್‌ವೆಸ್ಟರ್ನ್, ಪರ್ಡ್ಯೂ, ವಿಸ್ಕಾನ್ಸಿನ್ ಎಂದು ಏಳು ಸದಸ್ಯರು. ನಿಯಮ ಮಾಡುವ ಅಧಿಕಾರ ಪ್ರಾಧ್ಯಾಪಕರ ಕೈಯಲ್ಲಿ. ಆಡುವವನು ನಿಜವಾಗಿ ಓದುವ ವಿದ್ಯಾರ್ಥಿಯಾಗಿರಬೇಕು, ಆಟಕ್ಕೆ ಹಣ ಪಡೆಯಕೂಡದು, ಇದು ಮೂಲ ಮಾತು.

ಹೆಸರಿನ ಲೆಕ್ಕವನ್ನು ಮುಂದೆ ಹೇಳುತ್ತೇನೆ. ಮೊದಲು ಒಂದು ಹೂಜಿಯ ಕಥೆ ಕೇಳಿರಿ.

1903ರ ಅಕ್ಟೋಬರ್ 31ರಂದು ಮಿಷಿಗನ್ ತಂಡ ಮಿನಿಯಾಪೊಲಿಸಿಗೆ ಆಡಲು ಬಂತು. ಅದರ ತರಬೇತುದಾರ ಫೀಲ್ಡಿಂಗ್ ಯೋಸ್ಟ್. ಮಿನ್ನೆಸೋಟದವರು ಕೊಡುವ ನೀರನ್ನು ನಂಬುವುದು ಹೇಗೆಂದು ಅವರಿಗೆ ಅನುಮಾನ ಬಂದು, ಪೇಟೆಯಿಂದ ಐದು ಗ್ಯಾಲನ್ ನೀರು ಹಿಡಿಯುವ ಒಂದು ಹೂಜಿ ತರಿಸಿದರಂತೆ. ಬೆಲೆ 30 ಸೆಂಟ್. ಆಟ 6-6 ಸಮವಾಯಿತು. ಕೊನೆಯಲ್ಲಿ ಜನ ಮೈದಾನಕ್ಕೆ ನುಗ್ಗಿದರು, ಗದ್ದಲದಲ್ಲಿ ಮಿಷಿಗನ್ನಿನವರು ಹೂಜಿ ಬಿಟ್ಟು ಹೋದರು. ಅದು ಸಿಕ್ಕಿದ್ದು ಆಸ್ಕರ್ ಮನ್ಸನ್ ಎಂಬ ಉಗ್ರಾಣದ ನೌಕರನಿಗೆ. ಮಿನ್ನೆಸೋಟದವರು ಹೂಜಿಯ ಮೇಲೆ ಅಂಕ ಬರೆದರು. ತಮ್ಮ ಆರನ್ನು ಬಲು ದೊಡ್ಡದಾಗಿ, ಮಿಷಿಗನ್ನಿನ ಆರನ್ನು ಚಿಕ್ಕದಾಗಿ ಬರೆದರು! ಲೆಜರಿನಲ್ಲಿ ಹೀಗೆ ಬರೆದಿದ್ದರೆ ನಮ್ಮ ಮ್ಯಾನೇಜರ್ ಸುಮ್ಮನಿರುತ್ತಿರಲಿಲ್ಲ. ಹೂಜಿ ಹಿಂದಿರುಗಿಸಿರೆಂದು ಯೋಸ್ಟ್ ಪತ್ರ ಬರೆದರೆಂದೂ, ಗೆದ್ದು ಒಯ್ಯಿರೆಂದು ಉತ್ತರ ಹೋಯಿತೆಂದೂ ಕಥೆಯುಂಟು. ಪತ್ರ ನಿಜವೋ ಅಲ್ಲವೋ, 1909ರಲ್ಲಿ ಮಿಷಿಗನ್ ಬಂದು ಗೆದ್ದು ಹೂಜಿ ಒಯ್ದದ್ದು ನಿಜ. ಅಂದಿನಿಂದ ಗೆದ್ದವರ ಮನೆಯಲ್ಲಿ ಹೂಜಿ.

ಇಲ್ಲಿ ಒಂದು ಸಂಗತಿ ಗಮನಿಸಿರಿ. 1906ರಲ್ಲಿ ಕೂಟವು ನಿಯಮಗಳನ್ನು ಬಿಗಿ ಮಾಡಿದಾಗ ಮಿಷಿಗನ್ನಿಗೆ ಒಪ್ಪಿಗೆಯಾಗದೆ ಅದು ಕೂಟದಿಂದಲೇ ಹೊರಬಿದ್ದಿತ್ತು. ಮರಳಿ ಸೇರಿದ್ದು 1917ರಲ್ಲಿ. ಅಂದರೆ ಹೂಜಿಗಾಗಿ ಆಡಿದ 1909ರಲ್ಲಿ ಒಬ್ಬರು ಕೂಟದ ಒಳಗೆ, ಇನ್ನೊಬ್ಬರು ಹೊರಗೆ. ಆದರೂ ಆಟ ನಡೆಯಿತು.

ಎರಡನೆಯ ಕಥೆ ಹಂದಿಯದು. ಮೂಗು ಮುರಿಯಬೇಡಿರಿ. ಮಿನ್ನೆಸೋಟದ ದಕ್ಷಿಣಕ್ಕೆ ಗಡಿ ಹತ್ತಿಕೊಂಡೇ ಇರುವ ರಾಜ್ಯ ಅಯೋವಾ. ಅಲ್ಲಿನ ರೈತರಿಗೆ ಹಂದಿ ಸಾಕಣೆ ದೊಡ್ಡ ಕಸುಬು. 1934ರಲ್ಲಿ ಅಯೋವಾ ತಂಡದಲ್ಲಿ ಓಝಿ ಸಿಮನ್ಸ್ ಎಂಬ ಒಳ್ಳೆಯ ಓಟಗಾರನಿದ್ದ. ಕರಿಯ ಜನಾಂಗದವನು. ಆ ವರ್ಷದ ಆಟದಲ್ಲಿ ಮಿನ್ನೆಸೋಟದವರು ಅವನನ್ನು ಬೇಕೆಂದೇ ಹೊಡೆದು ಗಾಯಗೊಳಿಸಿದರೆಂದು ಅಯೋವಾದ ಜನ ಕುದಿದರು. 1935ರ ಆಟ ಹತ್ತಿರ ಬಂದಂತೆ ಎರಡೂ ರಾಜ್ಯಗಳಲ್ಲಿ ಬಿಸಿ ಏರಿತು. ಈ ಸಲ ಒರಟಾಟ ನಡೆದರೆ ನಮ್ಮ ಜನ ಸಹಿಸುವುದಿಲ್ಲವೆಂದು ಅಯೋವಾದ ಗವರ್ನರ್ ಕ್ಲೈಡ್ ಹೆರಿಂಗ್ ಅವರೇ ಎಚ್ಚರಿಸಿದರು. ಬೆಂಕಿಗೆ ತುಪ್ಪ ಬಿದ್ದಂತಾಯಿತು.

ಆಗ ಮಿನ್ನೆಸೋಟದ ಗವರ್ನರ್ ಫ್ಲಾಯ್ಡ್ ಓಲ್ಸನ್ ಒಂದು ತಂತಿ ಕಳಿಸಿದರು: ಪಣ ಕಟ್ಟೋಣ, ಸೋತವರು ಗೆದ್ದವರಿಗೆ ಒಂದು ಒಳ್ಳೆಯ ಹಂದಿ ಕೊಡಬೇಕು. ಜನ ನಕ್ಕರು. ನಕ್ಕ ಮೇಲೆ ಹೊಡೆದಾಟಕ್ಕೆ ಕೈ ಏಳುವುದು ಕಷ್ಟ. ಆಟ ಶಾಂತವಾಗಿ ಮುಗಿಯಿತು. ಮಿನ್ನೆಸೋಟ 13-6ರಿಂದ ಗೆದ್ದಿತು. ಹೆರಿಂಗ್ ಮಾತು ತಪ್ಪಲಿಲ್ಲ, ಜೀವಂತ ಹಂದಿಯನ್ನು ಓಲ್ಸನ್ನರ ಕಚೇರಿಗೇ ತಂದು ಒಪ್ಪಿಸಿದರು. ಅದಕ್ಕೆ ಫ್ಲಾಯ್ಡ್ ಎಂದು ಗೆದ್ದ ಗವರ್ನರರದೇ ಹೆಸರು! ಅದು ಸಾಕಿದ ಫಾರ್ಮಿನ ಹೆಸರನ್ನೂ ಸೇರಿಸಿ 'ಫ್ಲಾಯ್ಡ್ ಆಫ್ ರೋಸ್‌ಡೇಲ್' ಎಂದು ಕರೆದರು. ಮುಂದೆ ಅದರ ಕಂಚಿನ ಮೂರ್ತಿಯಾಯಿತು, ತೂಕ ಸುಮಾರು 44 ಕಿಲೋ. ಇಂದಿಗೂ ಗೆದ್ದವರು ಅದನ್ನು ಹೊತ್ತು ಕುಣಿಯುತ್ತಾರೆ. ಆದರೆ ಈ ನಗುವಿನ ಹಿಂದೆ ಒಬ್ಬ ಕರಿಯ ಹುಡುಗನ ಪೆಟ್ಟು ಇದೆ ಎಂಬುದನ್ನು ಮರೆಯಬಾರದು. ಹಂದಿ ಜಗಳ ನಿಲ್ಲಿಸಿತು ನಿಜ, ಅವನ ನೋವಿಗೆ ಅದು ನ್ಯಾಯವಲ್ಲ.

ಈ ಕಥೆ ಕೇಳಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಾನು ಹುಡುಗನಾಗಿದ್ದಾಗ ಜಾತ್ರೆಯಲ್ಲಿ ನಮ್ಮೂರಿಗೂ ಹಳ್ಳದಾಚೆಯ ಊರಿಗೂ ಕಬಡ್ಡಿ ನಡೆಯುತ್ತಿತ್ತು. ನಾವು ಮಹಾರಾಷ್ಟ್ರ, ಅವರು ಕರ್ನಾಟಕ. ಹೆಣ್ಣು ಕೊಟ್ಟು ತಂದ ಊರು. ಒಂದು ವರ್ಷ ಪಂಚರ ತೀರ್ಪಿನ ಮೇಲೆ ಮಾತಿಗೆ ಮಾತು ಬೆಳೆಯಿತು, ಬಡಿಗೆ ಬಂದವು, ಯಾರೋ ರಾಜ್ಯದ ಹೆಸರು ಎತ್ತಿ ಬೈದರು. ಹಿರಿಯರು ಆಟವನ್ನೇ ನಿಲ್ಲಿಸಿದರು. ಐವತ್ತು ವರ್ಷವಾಗುತ್ತ ಬಂತು, ಮತ್ತೆ ಯಾರೂ ಶುರು ಮಾಡಲಿಲ್ಲ. ಅಂದು ಒಬ್ಬ ಗೌಡರಾಗಲಿ ಪಾಟೀಲರಾಗಲಿ ಒಂದು ಟಗರನ್ನು ಪಣಕ್ಕೆ ಕಟ್ಟಿದ್ದರೆ!

ಈಗ ಲೆಕ್ಕಕ್ಕೆ ಬರೋಣ. 1899ರಲ್ಲಿ ಇಂಡಿಯಾನ, ಅಯೋವಾ ಸೇರಿದವು. 1912ರಲ್ಲಿ ಒಹಾಯೊ ಸ್ಟೇಟ್ ಬಂತು. ಮಿಷಿಗನ್ ಮರಳಿದಾಗ ಹತ್ತಾಯಿತು, ಹೆಸರು ನಿಂತಿತು. ಸ್ಥಾಪಕರಲ್ಲೊಬ್ಬರಾದ ಶಿಕಾಗೋದವರು ಓದೇ ಮುಖ್ಯವೆಂದು 1939ರಲ್ಲಿ ಫುಟ್‌ಬಾಲನ್ನೇ ಕೈಬಿಟ್ಟರು, 1946ರಲ್ಲಿ ಕೂಟವನ್ನೂ ಬಿಟ್ಟರು. ಆ ಜಾಗಕ್ಕೆ ಮಿಷಿಗನ್ ಸ್ಟೇಟ್ ಬಂತು. 1990ರಲ್ಲಿ ಪೆನ್ ಸ್ಟೇಟನ್ನು ಸೇರಿಸಿಕೊಂಡಾಗ ಹನ್ನೊಂದಾಯಿತು. ಹೆಸರು ಮಾತ್ರ ಹತ್ತೇ, ತಮ್ಮ ಲಾಂಛನದ ಅಕ್ಷರಗಳ ಸಂದಿಯಲ್ಲಿ 11 ಎಂಬ ಅಂಕಿಯನ್ನು ಗುಟ್ಟಾಗಿ ಅಡಗಿಸಿದರು! 2011ರಲ್ಲಿ ನೆಬ್ರಾಸ್ಕ, 2014ರಲ್ಲಿ ಮೇರಿಲ್ಯಾಂಡ್ ಮತ್ತು ರಟ್ಗರ್ಸ್. 2024ರಲ್ಲಿ ಪಶ್ಚಿಮ ಕರಾವಳಿಯಿಂದ ಇನ್ನೂ ನಾಲ್ಕು ಬಂದವು. ಈಗ ಹದಿನೆಂಟು ಸದಸ್ಯರ ಕೂಟಕ್ಕೆ 'ದೊಡ್ಡ ಹತ್ತು' ಎಂದೇ ಹೆಸರು.

ಕಾರಣ ಟೆಲಿವಿಷನ್ನಿನ ಹಣ. 2022ರಲ್ಲಿ ಆದ ಏಳು ವರ್ಷಗಳ ಒಪ್ಪಂದದ ಬೆಲೆ 700 ಕೋಟಿ ಡಾಲರಿಗೂ ಮಿಗಿಲೆಂದು ವರದಿಯಾಯಿತು. 2025ರಿಂದ ವಿದ್ಯಾಲಯಗಳೇ ಆಟಗಾರರಿಗೆ ನೇರ ಹಣ ಕೊಡಬಹುದು. 1896ರ ಮೂಲ ಮಾತು ತಲೆಕೆಳಗಾಯಿತು. ಅಷ್ಟು ಜನ ಟಿಕೆಟು ಕೊಂಡು ನೋಡುವಾಗ ಬೆವರು ಸುರಿಸುವ ಹುಡುಗನಿಗೆ ಪಾಲು ಸಿಗುವುದು ನ್ಯಾಯವೆಂದೇ ನನ್ನ ಅಭಿಪ್ರಾಯ. ನನ್ನ ದುಃಖ ಬೇರೆ. ನ್ಯೂಜೆರ್ಸಿಯ ರಟ್ಗರ್ಸ್ ಮತ್ತು ಲಾಸ್ ಏಂಜಲಿಸ್ ನಡುವೆ ಸುಮಾರು 4000 ಕಿಲೋಮೀಟರ್. ಅಷ್ಟು ದೂರದವರ ಜೊತೆ ಆಡಬಹುದು, ಜಿದ್ದು ಹೇಗೆ ಹುಟ್ಟಬೇಕು? ಸೋತ ಮರುದಿನ ಸಂತೆಯಲ್ಲಿ ಎದುರಾಗಿ ಕೆಣಕುವವನು ಇರಬೇಕಲ್ಲ! ಹೊಸಬರಿಗೆ ಜಾಗ ಮಾಡಿ ಮಾಡಿ, ಹೂಜಿಯ ಆಟ ಈಗ ಪ್ರತಿವರ್ಷ ನಡೆಯುವುದಿಲ್ಲ. ಆದರೆ ಹಂದಿಯ ಆಟವನ್ನು ಮಾತ್ರ ವರ್ಷವೂ ತಪ್ಪದೆ ಆಡಿಸಬೇಕೆಂದು ಕೂಟ ಕಾಯ್ದಿಟ್ಟಿದೆ. ಗಡಿಗೆ ಗಡಿ ಹತ್ತಿದವರ ಆಟವಲ್ಲವೇ ಅದು!

ಹಳ್ಳದಾಚೆಯ ಊರಿನ ಹಿರಿಯರು ಈ ಮಾತು ಕೇಳುತ್ತಿದ್ದರೆ ನನ್ನದೊಂದು ವಿನಂತಿ. ಮುಂದಿನ ಜಾತ್ರೆಗೆ ನಿಮ್ಮ ಹುಡುಗರನ್ನು ಕಳಿಸಿರಿ. ಪಣಕ್ಕೆ ಒಂದು ತಾಮ್ರದ ಕೊಡ ನಾನು ಕೊಡಿಸುತ್ತೇನೆ, ಗೆದ್ದವರ ಊರಲ್ಲಿ ಅದು ವರ್ಷವಿಡೀ ಇರಲಿ. ಅಂಕ ಬರೆಯುವ ಕೆಲಸವನ್ನೂ ನನಗೇ ಬಿಡಿರಿ. ಒಂದು ಬದಿಗೆ ಕನ್ನಡದಲ್ಲಿ, ಇನ್ನೊಂದು ಬದಿಗೆ ಮರಾಠಿಯಲ್ಲಿ ಬರೆಯುತ್ತೇನೆ. ಎರಡೂ ಊರಿನ ಅಂಕಿಗಳು ಒಂದೇ ಅಳತೆಯಲ್ಲಿರುತ್ತವೆ, ಅದು ಈ ಗುಮಾಸ್ತನ ಜವಾಬ್ದಾರಿ.