ಜಾವಾಕ್ಕೆ ಹೊಸ ಹೊಗೆಕೊಳವೆ

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ತಯಾರಾದ ಮೋಟಾರ್ ಸೈಕಲ್ಲುಗಳು ಇಂದಿಗೂ ನಮ್ಮ ಬೀದಿಗಳಲ್ಲಿ ಓಡಾಡುತ್ತಿವೆ. ಆ ಕಾರ್ಖಾನೆ 1996ರಲ್ಲಿ ಮುಚ್ಚಿತಾದ್ದರಿಂದ, ತುಕ್ಕು ತಿಂದ ಸೈಲೆನ್ಸರಿಗೆ ಬದಲಾಗಿ ನೀವು ತರುವುದು ಬಹುಮಟ್ಟಿಗೆ ಬೇರೆಯವರು ಮಾಡಿದ್ದು. ಅದನ್ನು ಮನೆಯಂಗಳದಲ್ಲೇ ಕೂಡಿಸಬಹುದು. ಅವಸರ ಮಾತ್ರ ಕೂಡದು.

ಸಿಲಿಂಡರಿಗೆ ಕೊಳವೆಯನ್ನು ಹಿಡಿದಿಡುವ ದುಂಡು ನಟ್ಟೇ ಇಲ್ಲಿನ ಮರ್ಮ. ಇಂಜಿನ್ನು ತಣ್ಣಗಿರುವಾಗ ಅದರ ಸಂದಿಗೆ ಸೀಮೆಎಣ್ಣೆ ಬಿಟ್ಟು ಒಂದು ರಾತ್ರಿ ನೆನೆಯಗೊಡಿ. ಬಳಿಕ ಕೊಕ್ಕೆ ಸ್ಪ್ಯಾನರಿನಿಂದಲೇ ಬಿಚ್ಚಿರಿ. ಉಳಿ ಇಟ್ಟು ಸುತ್ತಿಗೆಯಿಂದ ಬಡಿಯುವವರುಂಟು. ನಟ್ಟಿನ ರೆಕ್ಕೆ ಮುರಿದರೆ ಹೋಗಲಿ ಎನ್ನಬಹುದು. ಸಿಲಿಂಡರಿನ ಥ್ರೆಡ್ಡು ಕೆಟ್ಟರೆ ಲೇತಿನವನ ಬಾಗಿಲು ತಟ್ಟಲೇಬೇಕು.

ಹಳೆಯ ಗ್ಯಾಸ್ಕೆಟ್ಟನ್ನು ಕೆರೆದು ತೆಗೆದು ಹೊಸದನ್ನಿಡಿ. ಮೊದಲು ಎಲ್ಲವನ್ನೂ ಕೈಯಿಂದ ಸಡಿಲವಾಗಿ ಕೂಡಿಸಿ, ಸಿಲಿಂಡರಿನ ಕಡೆ ಬಿಗಿದ ಮೇಲೆ ಹಿಂದಿನ ಪಟ್ಟಿಯನ್ನು ಬಿಗಿಯಿರಿ. ತೂತು ಹೊಂದದಿದ್ದರೆ ಕೊಳವೆಯನ್ನು ಎಳೆದು ಕೂರಿಸಬೇಡಿ. ಓಡುವಾಗಿನ ಅದುರಿಗೆ ಅದು ಬಿರಿದೀತು. ನಡುವೆ ವಾಷರು ಕೊಡಿ. ಒಂದು ಸುತ್ತು ಓಡಿಸಿ ಬಂದು, ತಣಿದ ಮೇಲೆ ಮತ್ತೊಮ್ಮೆ ಬಿಗಿಯಿರಿ. ಸಂದಿಯಲ್ಲಿ ಕಪ್ಪು ಎಣ್ಣೆ ಜಿನುಗಿದ್ದರೆ ಹೊಗೆ ಸೋರುತ್ತಿದೆಯೆಂದೇ ಅರ್ಥ.

ತರುಣರು ಒಳಗಿನ ತಡೆಗಳನ್ನು ಕಿತ್ತೆಸೆದು, ಸದ್ದು ಹೆಚ್ಚಿದ್ದನ್ನೇ ಶಕ್ತಿ ಹೆಚ್ಚಿತೆಂದು ಭ್ರಮಿಸುತ್ತಾರೆ. (ಪಕ್ಕದ ಮನೆಯ ಕೂಸು ಬೆಚ್ಚಿ ಏಳುವುದು ಬೇರೆ ಮಾತು.) ಎರಡು ಸ್ಟ್ರೋಕಿನ ಇಂಜಿನ್ನಿನಲ್ಲಿ, ಕೊಳವೆಯಿಂದ ಹಿಮ್ಮರಳುವ ಒತ್ತಡದ ಅಲೆಯು, ಹೊರಬೀಳಲಿದ್ದ ಹೊಸ ಪೆಟ್ರೋಲು ಮಿಶ್ರಣವನ್ನು ಒಳಕ್ಕೆ ತಳ್ಳುತ್ತದೆ, ಅದು ಕೆಟ್ಟರೆ ಎಳೆತ ಕುಗ್ಗಿ ಪೆಟ್ರೋಲು ಪೋಲಾದೀತು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳೂ ಸೈಲೆನ್ಸರನ್ನು ಕಡ್ಡಾಯ ಮಾಡಿವೆ. ತಡೆಗಳನ್ನು ಆಗಾಗ ಹೊರತೆಗೆದು, ಎಣ್ಣೆ ಉರಿದು ಕಟ್ಟಿದ ಮಸಿಯನ್ನು ಕೆರೆದು, ಮತ್ತೆ ಅಲ್ಲಿಯೇ ಇಡಿ.