ಚದರಕ್ಕೆ ಎಷ್ಟು?

(ಸುವರ್ಣ ಮಹೋತ್ಸವದ ಎರಡನೆಯ ದಿನ, ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ನೀವು ಬೆಂಗಳೂರಿನಲ್ಲಿ ಮಾಡಿದ್ದೇನು ಎಂದು ನಮ್ಮ ಊರವರು ಕೇಳಿದಾಗಲೆಲ್ಲ ನನಗೆ ಹೇಳಲು ಬರುತ್ತಿರಲಿಲ್ಲ. 'ಕಂಪ್ಯೂಟರ್ ಕೆಲಸ' ಎಂದು ಹೇಳಿ ಪಾರಾಗುತ್ತಿದ್ದೆ. ಇಂದು ಸರಿಯಾಗಿ ಹೇಳುತ್ತೇನೆ. ಇಪ್ಪತ್ತು ವರ್ಷಕ್ಕೂ ಮಿಕ್ಕಿ ನಾನು ಮಾಡಿದ್ದು ಅಂದಾಜು ಹಾಕುವ ಕೆಲಸ. ಇನ್ನೂ ಬರೆಯದ ಸಾಫ್ಟ್‌ವೇರಿಗೆ ಎಷ್ಟು ಜನ ಬೇಕು, ಎಷ್ಟು ತಿಂಗಳು ಬೇಕು, ಎಷ್ಟು ಹಣ ಬೇಕು ಎಂದು ಮೊದಲೇ ಹೇಳುವುದು.

ಈ ವಿದ್ಯೆಯನ್ನು ನಾನು ಮೊದಲು ನೋಡಿದ್ದು ಹುಬ್ಬಳ್ಳಿಯ ವಿದ್ಯಾನಗರದ ಬಿ.ವಿ.ಬಿ. ಕಾಲೇಜಿನಲ್ಲಿ ಅಲ್ಲ, ನಮ್ಮ ಮನೆಯ ಕಟ್ಟೆಯ ಮೇಲೆ. ನಮ್ಮಪ್ಪ ಗೌಂಡಿ. ಮನೆ ಕಟ್ಟಿಸುವವರು ಬಂದು "ಎಷ್ಟ ಆಕ್ಕೈತಿ?" ಎಂದು ಕೇಳಿದರೆ ಅಪ್ಪ ಒಂದೊಂದು ಇಟ್ಟಂಗಿ ಎಣಿಸುತ್ತಿರಲಿಲ್ಲ. ಎಷ್ಟು ಚದರ ಎಂದು ಕೇಳುತ್ತಿದ್ದ. ನೂರು ಚದರಡಿಗೆ ಒಂದು ಚದರ, ಅದು ನಿಮಗೆಲ್ಲ ಗೊತ್ತು. ಚದರಕ್ಕೆ ಇಷ್ಟು ಎಂದು ಗುಣಿಸಿದರೆ ಒಂದು ಮೊತ್ತ ಬರುತ್ತಿತ್ತು. ಅಷ್ಟಕ್ಕೇ ಬಿಡುತ್ತಿರಲಿಲ್ಲ. ನೆಲ ಮಸಾರಿಯೋ ಎರಿಯೋ? ಧಾರವಾಡದ ಮಗ್ಗುಲಿನ ಮಸಾರಿಯಾದರೆ ಒಂದು ದರ. ಹುಬ್ಬಳ್ಳಿಯಿಂದ ಮೂಡಣಕ್ಕೆ ಎರಿ ನೆಲವಾದರೆ, ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುವ ಆ ಮಣ್ಣಿನಲ್ಲಿ ಪಾಯಾ ಆಳಕ್ಕೆ ಹೋಗಬೇಕು, ದರ ಬೇರೆ. ನೀರು ಎಷ್ಟು ದೂರ, ಜೊತೆಗೆ ಬರುವ ಆಳುಗಳು ಪಳಗಿದವರೋ ಹೊಸಬರೋ, ಯುಗಾದಿಯೊಳಗೆ ಮುಗಿಸಬೇಕೋ ನಿಧಾನಕ್ಕೆ ನಡೆಯುತ್ತದೋ, ಎಲ್ಲ ಕೇಳಿ ಕೊನೆಗೆ ಮೊತ್ತ ಹೇಳುತ್ತಿದ್ದ.

ಒಮ್ಮೆ ನಾನು ಕೇಳಿದೆ, "ಅಪ್ಪಾ, ಇನ್ನೂ ಕಟ್ಟದ ಮನಿದು ಹೆಂಗ ಹೇಳಿದಿ?" ಅಪ್ಪ ಅಂದ, "ಕಟ್ಟಿದ ಮನಿ ಎಷ್ಟ ಅದಾವಲ್ಲ, ಅದರ ಮ್ಯಾಲೆ ಹೇಳ್ದೆ."

ಅಮೆರಿಕದ ಬ್ಯಾರಿ ಬೇಮ್ ಎಂಬ ಎಂಜಿನಿಯರು ಮಾಡಿದ್ದೂ ಇದನ್ನೇ. ಟಿ.ಆರ್.ಡಬ್ಲ್ಯು. ಎಂಬ ಕಂಪನಿಯಲ್ಲಿದ್ದಾಗ ಆತ ಮುಗಿದುಹೋದ 63 ಸಾಫ್ಟ್‌ವೇರ್ ಕೆಲಸಗಳ ಲೆಕ್ಕ ತೆಗೆದು, ಅವುಗಳಿಂದ ಒಂದು ಸೂತ್ರ ಹೊರಡಿಸಿದ. 1981ರಲ್ಲಿ ದಪ್ಪ ಪುಸ್ತಕವಾಗಿ ಅದು ಅಚ್ಚಾಯಿತು. ಸೂತ್ರದ ಹೆಸರು ಕೊಕೊಮೊ. ಆತನ ಚದರವೆಂದರೆ ಸಾವಿರ ಸಾಲು ಪ್ರೋಗ್ರಾಮು. ಒಬ್ಬ ಆಳಿನ ಒಂದು ತಿಂಗಳು ಎಂದರೆ 152 ತಾಸು.

ಲೆಕ್ಕದ ಮಾಸ್ತರರು ಇಲ್ಲೇ ಕುಳಿತಿದ್ದಾರೆ, ತಪ್ಪಿದರೆ ತಿದ್ದಲಿ. ಸಾಧಾರಣ ಕೆಲಸವಾದರೆ ಸಾವಿರ ಸಾಲುಗಳ ಸಂಖ್ಯೆಗೆ 1.05ರ ಘಾತ ಹಾಕಿ 2.4ರಿಂದ ಗುಣಿಸಬೇಕು. ಹತ್ತು ಸಾವಿರ ಸಾಲಿಗೆ ಸುಮಾರು 27 ಆಳು-ತಿಂಗಳು ಬರುತ್ತದೆ. ಹಾಗಾದರೆ ಒಂದು ಲಕ್ಷ ಸಾಲಿಗೆ? ಹತ್ತು ಪಟ್ಟು, 270 ಎಂದು ನಾವು ಹೇಳುತ್ತೇವೆ. ಸೂತ್ರ ಹೇಳುವುದು 302. ವಿಮಾನದೊಳಗೋ ಯಂತ್ರದೊಳಗೋ ಕುಳಿತು ನಡೆಸುವ ಬಿಗಿಯಾದ ಸಾಫ್ಟ್‌ವೇರಿಗೆ ಘಾತ 1.20, ಗುಣಕ 3.6. ಅಲ್ಲಿ ಹತ್ತು ಸಾವಿರ ಸಾಲಿಗೆ 57 ಆದರೆ ಲಕ್ಷ ಸಾಲಿಗೆ 900 ದಾಟುತ್ತದೆ. ಹತ್ತು ಪಟ್ಟು ದೊಡ್ಡ ಕೆಲಸಕ್ಕೆ ಹದಿನಾರು ಪಟ್ಟು ದುಡಿಮೆ.

ಹೆಚ್ಚಿನದು ಎಲ್ಲಿ ಹೋಗುತ್ತದೆ? ಮಾತಿಗೆ ಹೋಗುತ್ತದೆ. ನಾಲ್ಕು ಜನ ಕೂಡಿ ಮಾಡುವ ಕೆಲಸದಲ್ಲಿ ಪರಸ್ಪರ ಮಾತಾಡುವ ಜೋಡಿಗಳು ಆರು. ಹತ್ತು ಜನರಾದರೆ 45. ಮುಯ್ಯಾಳು ಕರೆದು ಕಳೆ ತೆಗೆಯುವಾಗ ಹತ್ತು ಜನ ಬಂದರೆ ಹೊಲ ಬೇಗ ಮುಗಿಯುತ್ತದೆ, ಏಕೆಂದರೆ ಒಬ್ಬರ ಸಾಲಿಗೂ ಇನ್ನೊಬ್ಬರ ಸಾಲಿಗೂ ಸಂಬಂಧವಿಲ್ಲ. ಸಾಫ್ಟ್‌ವೇರಿನಲ್ಲಿ ಹಾಗಲ್ಲ. ತಡವಾದ ಕೆಲಸಕ್ಕೆ ಹೊಸ ಜನ ಹಾಕಿದರೆ ಅದು ಇನ್ನೂ ತಡವಾಗುತ್ತದೆ ಎಂದು ಫ್ರೆಡ್ ಬ್ರೂಕ್ಸ್ 1975ರಲ್ಲೇ ಬರೆದಿಟ್ಟ. ಅದನ್ನು ಓದಿದವರೂ ಜನ ಹಾಕುತ್ತಲೇ ಇದ್ದಾರೆ.

ಎರಿ-ಮಸಾರಿಯ ಲೆಕ್ಕವೂ ಬೇಮ್‌ನಲ್ಲಿ ಇದೆ. ಅಂಥ 15 ಅಂಶಗಳನ್ನು ಆತ ಪಟ್ಟಿ ಮಾಡಿದ್ದಾನೆ. ಪ್ರೋಗ್ರಾಮು ಬರೆಯುವವರು ತೀರ ಕಚ್ಚಾ ಇದ್ದರೆ ದುಡಿಮೆಯನ್ನು 1.42ರಿಂದ ಗುಣಿಸು, ತುಂಬ ಪಳಗಿದವರಾದರೆ 0.70ರಿಂದ. ಅವಸರಕ್ಕೂ ಒಂದು ಗುಣಕವಿದೆ, ತೀರ ಅವಸರವಾದರೆ 1.23. ತಮಾಷೆಯೆಂದರೆ ತೀರ ನಿಧಾನಕ್ಕೂ 1.10 ಇದೆ. ಯುಗಾದಿಗೆ ಮುಗಿಸಿ ಎನ್ನುವವರಿಗೂ ನಾಲ್ಕು ವರ್ಷ ಎಳೆಯುವವರಿಗೂ ಅಪ್ಪ ಹೆಚ್ಚು ಕೇಳುತ್ತಿದ್ದುದು ನನಗೆ ಆಗ ನೆನಪಾಯಿತು.

ಸಾಲು ಎಣಿಸುವುದರಲ್ಲಿ ಒಂದು ತೊಡಕಿದೆ. ಬರೆಯುವ ಮುಂಚೆ ಎಷ್ಟು ಸಾಲೆಂದು ಯಾರಿಗೆ ಗೊತ್ತು? ಅದಕ್ಕೆ ಐಬಿಎಂನ ಅಲನ್ ಆಲ್ಬ್ರೆಕ್ಟ್ 1979ರಲ್ಲಿ ಇನ್ನೊಂದು ದಾರಿ ತೋರಿಸಿದ. ಒಳಗೆ ಬರುವ ಮಾಹಿತಿ ಎಷ್ಟು ಬಗೆ, ಹೊರಗೆ ಹೋಗುವುದು ಎಷ್ಟು, ಕೇಳುವ ಪ್ರಶ್ನೆ ಎಷ್ಟು, ಇಟ್ಟುಕೊಳ್ಳುವ ಕಡತ ಎಷ್ಟು ಎಂದು ಎಣಿಸುವುದು. ಇಟ್ಟಂಗಿ ಬಿಟ್ಟು ಬಾಗಿಲು ಕಿಟಕಿ ಎಣಿಸಿದಂತೆ. ಮನೆ ಕಟ್ಟಿಸುವವನಿಗೆ ಬಾಗಿಲು ಕಿಟಕಿ ಎಷ್ಟು ಬೇಕೆಂದು ಮೊದಲೇ ಗೊತ್ತಿರುತ್ತದಲ್ಲ.

ಯಂತ್ರ ಸಾಮಾನಿನ ಕಡೆ ಈ ವಿದ್ಯೆ ಇನ್ನೂ ಹಳೆಯದು. ಟಿ.ಪಿ. ರೈಟ್ ಎಂಬವನು 1936ರಲ್ಲಿ ವಿಮಾನ ಕಟ್ಟುವ ಲೆಕ್ಕ ನೋಡಿ, ಕಟ್ಟಿದ ಸಂಖ್ಯೆ ಇಮ್ಮಡಿಯಾದಂತೆಲ್ಲ ಒಂದೊಂದಕ್ಕೆ ಹಿಡಿಯುವ ದುಡಿಮೆ ಹಿಂದಿನದರ ನೂರಕ್ಕೆ 80ಕ್ಕೆ ಇಳಿಯುತ್ತದೆ ಎಂದು ತೋರಿಸಿದ. ನಮ್ಮ ಹೆಣ್ಣುಮಕ್ಕಳಿಗೆ ಇದನ್ನು ಹೇಳಬೇಕಿಲ್ಲ. ಮೊದಲ ರೊಟ್ಟಿಗೂ ಐವತ್ತನೆಯ ರೊಟ್ಟಿಗೂ ಕೈ ಹೇಗೆ ಓಡುತ್ತದೆಂದು ಅವರಿಗೆ ಗೊತ್ತು. ಆದರೆ ಮೊದಲ ವಿಮಾನದ ಮಾತೇ ಬೇರೆ. ಬೆಂಗಳೂರಿನಲ್ಲಿ ತಯಾರಾದ ನಮ್ಮ ಹಗುರ ಯುದ್ಧವಿಮಾನಕ್ಕೆ 1983ರಲ್ಲಿ 560 ಕೋಟಿ ರೂಪಾಯಿ ಮಂಜೂರಾಯಿತು. 1993ರಲ್ಲಿ ಅದರ ಒಂದು ಹಂತಕ್ಕೇ 2188 ಕೋಟಿ ಬೇಕಾಯಿತು. ಅದು ಮೊದಲ ಸಲ ಹಾರಿದ್ದು 2001ರ ಜನವರಿ 4ರಂದು. ಅದನ್ನು ಕಟ್ಟಿದವರನ್ನು ನಾನು ಹಳಿಯುವುದಿಲ್ಲ. 1998ರ ಪೋಖರಣ್ ಪರೀಕ್ಷೆಯ ನಂತರ ಅಮೆರಿಕ ನಿರ್ಬಂಧ ಹಾಕಿ ಸಹಾಯ ನಿಲ್ಲಿಸುತ್ತದೆ ಎಂದು ಯಾವ ಸೂತ್ರದಲ್ಲಿ ಬರೆಯುವುದು? ಅವರ ಹಿಂದೆ ನೋಡಲು ಕಟ್ಟಿದ ಮನೆಗಳು ಇರಲಿಲ್ಲ.

ಸೂತ್ರವೂ ದೇವರ ವಾಕ್ಯವಲ್ಲ. ಬೇಮ್ ತನ್ನ 63 ಕೆಲಸಗಳ ಮೇಲೇ ಅದನ್ನು ತಿರುಗಿ ಹಚ್ಚಿ ನೋಡಿದ. ಬರೀ ಸಾಲಿನ ಲೆಕ್ಕವಾದರೆ ನೂರರಲ್ಲಿ 60 ಸಲ ಮಾತ್ರ ಅಂದಾಜು ನಿಜಕ್ಕೆ ಇಮ್ಮಡಿ-ಅರ್ಧದ ಒಳಗೆ ಬಂತು. 15 ಅಂಶ ಸೇರಿಸಿದ ಮೇಲೆ 68 ಸಲ ನೂರಕ್ಕೆ 20ರ ವ್ಯತ್ಯಾಸದೊಳಗೆ ಬಂತು. ಆತ ಇದನ್ನು ಮುಚ್ಚಿಡದೆ ಪುಸ್ತಕದಲ್ಲೇ ಅಚ್ಚು ಹಾಕಿಸಿದ. ಅದಕ್ಕಾಗಿ ನನಗೆ ಆತನ ಮೇಲೆ ಗೌರವ.

ಈಗ ನನ್ನ ತಪ್ಪಿನ ಮಾತು. ತೊಂಬತ್ತರ ದಶಕದ ಕೊನೆ. ಒಂದು ದೊಡ್ಡ ಕೆಲಸಕ್ಕೆ ಅಂದಾಜು ಹಾಕಿ ಮೇಲಿನವರ ಮುಂದೆ ಇಟ್ಟೆ. ಗಿರಾಕಿ ಇಷ್ಟು ಕೊಡುವುದಿಲ್ಲ, ಇಳಿಸಿ ತನ್ನಿ ಎಂದರು. ನಾನು ಸೂತ್ರ ಮುಟ್ಟಲಿಲ್ಲ. ನಮ್ಮ ಹುಡುಗರ ಅನುಭವ ಸಾಧಾರಣ ಎಂದು ಬರೆದಿದ್ದನ್ನು 'ಅತ್ಯುತ್ತಮ' ಎಂದು ತಿದ್ದಿದೆ. ಕೆಲಸ ಕಠಿಣ ಎಂದಿದ್ದನ್ನು ಸಾಧಾರಣ ಎಂದು ಮಾಡಿದೆ. ಅವರು ಕೇಳಿದ ಮೊತ್ತ ಬರುವವರೆಗೆ ತಿದ್ದಿದೆ. ಗಣಿತ ಎಲ್ಲ ಸರಿಯಾಗಿತ್ತು. ಆ ಕೆಲಸ ನಾನು ಮೊದಲು ಹೇಳಿದಷ್ಟೇ ತಿಂಗಳು ಹಿಡಿಯಿತು, ಅದಕ್ಕೂ ಸ್ವಲ್ಪ ಹೆಚ್ಚೇ. ವ್ಯತ್ಯಾಸವನ್ನು ತುಂಬಿಕೊಟ್ಟವರು ನನ್ನ ಕೈಕೆಳಗಿನ ಹುಡುಗರು, ರವಿವಾರ ಇಲ್ಲದೆ, ರಾತ್ರಿ ಇಲ್ಲದೆ. ಒಬ್ಬ ಹುಡುಗ ಸ್ವಂತ ತಂಗಿಯ ಮದುವೆಗೆ ಅಕ್ಷತೆಯ ಹೊತ್ತಿಗೆ ಬಂದು ಅಂದೇ ರಾತ್ರಿ ಬಸ್ಸು ಹತ್ತಿ ಬೆಂಗಳೂರಿಗೆ ಮರಳಿದ. ಆತ ನನ್ನನ್ನು ಏನೂ ಕೇಳಲಿಲ್ಲ. ಆತನ ಹೆಸರಿನ ಮುಂದೆ 'ಅತ್ಯುತ್ತಮ' ಎಂದು ಬರೆದವನು ನಾನೆಂದು ಆತನಿಗೆ ಗೊತ್ತೂ ಇರಲಿಲ್ಲ.

ಆ ಸಲ ಊರಿಗೆ ಬಂದಾಗ ಅಪ್ಪನ ಮುಂದೆ ಹೇಳಿದೆ. ಆತ ಬಹಳ ಹೊತ್ತು ಸುಮ್ಮನಿದ್ದು, ಗಿರಾಕಿಗಳಿಗೆ ತಾನು ಹೇಳುತ್ತಿದ್ದ ಮಾತನ್ನೇ ಹೇಳಿದ: "ರೊಕ್ಕ ಕಡಿಮಿ ಇದ್ರ ಒಂದ ಖೋಲಿ ಕಡಿಮಿ ಮಾಡ್ರಿ ಅಂತಿದ್ದೆ. ಪಾಯಾ ಕಡಿಮಿ ಮಾಡ್ರಿ ಅಂದ್ರ ಕೆಲಸಾನ ಒಲ್ಲೆ ಅಂತಿದ್ದೆ."

ಇಷ್ಟೆಲ್ಲ ಹೇಳಿದ್ದು ಒಂದು ಕಾರಣಕ್ಕೆ. ನಮ್ಮ ಶಾಲೆಗೆ ಹಳೆಯ ವಿದ್ಯಾರ್ಥಿಗಳಿಂದ ಒಂದು ಖೋಲಿ ಮತ್ತು ಇಪ್ಪತ್ತು ಕಂಪ್ಯೂಟರ್ ಕೊಡಬೇಕೆಂದು ಮಹೋತ್ಸವ ಸಮಿತಿ ನಿರ್ಧರಿಸಿ, ಅಂದಾಜು ತಯಾರಿಸಲು ನನಗೆ ಹೇಳಿತ್ತು. ನಿನ್ನೆ ಸಂಜೆ ಕೊಟ್ಟೆ. ನೋಡಿದವರ ಮುಖ ಸಣ್ಣದಾಯಿತು. ಕೂಡಿಸಿದ ದೇಣಿಗೆಗಿಂತ ಮೊತ್ತ ದೊಡ್ಡದು. ಸ್ವಲ್ಪ ಹೊಂದಿಸಿ ಕೊಡಪ್ಪ ಎಂದು ನನ್ನ ಹಿರಿಯ ಗೆಳೆಯರೊಬ್ಬರು ಪ್ರೀತಿಯಿಂದಲೇ ಹೇಳಿದರು.

ಹೊಂದಿಸುವುದಿಲ್ಲ, ಕ್ಷಮೆ ಇರಲಿ. ಅದರಲ್ಲಿ ಕಂಪ್ಯೂಟರಿನ ಬೆಲೆಯ ಜೊತೆಗೆ ಐದು ವರ್ಷದ ರಿಪೇರಿ ಇದೆ, ಕರೆಂಟು ಹೋದಾಗ ಬೇಕಾಗುವ ಬ್ಯಾಟರಿ ಇದೆ, ಸುರುವಿನ ಎರಡು ವರ್ಷ ಕಲಿಸುವವರ ಸಂಬಳ ಇದೆ, ಈ ಎರಿ ನೆಲಕ್ಕೆ ಬೇಕಾದ ಪಾಯಾ ಇದೆ. ಇವನ್ನು ತೆಗೆದರೆ ಮೊತ್ತ ದೇಣಿಗೆಗೆ ಸರಿಹೊಂದುತ್ತದೆ ಎಂದು ನನಗೂ ಗೊತ್ತು. ಬಟ್ಟೆ ಹೊದಿಸಿ ಬೀಗ ಹಾಕಿದ ಕಂಪ್ಯೂಟರ್ ಖೋಲಿಗಳನ್ನು ನಾನು ಬೇರೆ ಊರುಗಳಲ್ಲಿ ನೋಡಿದ್ದೇನೆ. ನನ್ನ ಸಲಹೆ, ಇಪ್ಪತ್ತರ ಬದಲು ಹನ್ನೆರಡು ಕಂಪ್ಯೂಟರ್ ಇರಲಿ. ಒಂದಕ್ಕೆ ಇಬ್ಬರು ಮಕ್ಕಳು ಕೂಡಲಿ. ಉಳಿದದ್ದು ಒಂದೂ ಬಿಡದೆ ಹಾಗೇ ಇರಲಿ. ಇಪ್ಪತ್ತೇ ಬೇಕೆಂದು ಊರು ತೀರ್ಮಾನಿಸಿದರೆ ದೇಣಿಗೆ ಇನ್ನೂ ಕೂಡಿಸೋಣ, ನಾನೂ ಮನೆಮನೆಗೆ ಬರುತ್ತೇನೆ.

ನನ್ನ ಮೊತ್ತವೂ ಒಂದೇ ಅಂಕಿ ಅಲ್ಲ. ಕಡಿಮೆಯೆಂದರೆ ಇಷ್ಟು, ಹೆಚ್ಚೆಂದರೆ ಇಷ್ಟು ಎಂದು ಎರಡು ಅಂಕಿ ಬರೆದಿದ್ದೇನೆ, ಯಾವುದು ಏಕೆ ಎಂಬುದನ್ನೂ ಬರೆದಿದ್ದೇನೆ. ಕಾಗದ ಮುಖ್ಯೋಪಾಧ್ಯಾಯರ ಬಳಿ ಇದೆ. ಊಟ ಆದ ಮೇಲೆ ನಮ್ಮ ಹಳೆಯ ಎಂಟನೆಯ ಇಯತ್ತೆಯ ಖೋಲಿಯಲ್ಲಿ ಕೂಡೋಣ. ಗೌಂಡಿ ಕೆಲಸ ಬಲ್ಲವರು ಯಾರಾದರೂ ಇದ್ದರೆ ದಯವಿಟ್ಟು ಬನ್ನಿ, ಪಾಯಾದ ಲೆಕ್ಕವನ್ನು ಇನ್ನೊಬ್ಬರು ನೋಡುವುದು ಬಾಕಿ ಇದೆ.